ಅಧಿಕಾರ ಇಳಿದವರಿಗೆ ಒಂದು ಹಾರ

ಚುನಾವಣೆಯ ಫಲಿತಾಂಶ ಪ್ರಕಟವಾದ ದಿನದಿಂದಲೇ ನಮ್ಮ ನಾಡಿನಲ್ಲಿ ಸನ್ಮಾನಗಳ ಸುಗ್ಗಿ ಆರಂಭವಾಗುತ್ತದೆ. ಗೆದ್ದವರ ಮನೆಯಂಗಳದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಸಂಘಸಂಸ್ಥೆಗಳವರು, ಶಾಲಾ ಆಡಳಿತ ಮಂಡಳಿಯವರು, ಗುತ್ತಿಗೆದಾರರು, ವರ್ಗಾವಣೆ ಬಯಸುವ ನೌಕರರು ಸರದಿಯಲ್ಲಿ ನಿಂತು ಹಾರ ಹಾಕುತ್ತಾರೆ, ಶಾಲು ಹೊದೆಸುತ್ತಾರೆ, ಹಣ್ಣಿನ ಬುಟ್ಟಿ ಒಪ್ಪಿಸುತ್ತಾರೆ. ನಮ್ಮ ಕ್ರೈಸ್ತ ಸಂಘಟನೆಗಳೂ ಈ ಸರದಿಯಲ್ಲಿ ಹಿಂದೆ ಬಿದ್ದಿಲ್ಲ. ಅದೇ ಊರಿನ ಇನ್ನೊಂದು ಬೀದಿಯಲ್ಲಿ, ನಿನ್ನೆಯವರೆಗೆ ಶಾಸಕರಾಗಿದ್ದವರ ಮನೆಯ ಮುಂದೆ ಒಂದು ಸೈಕಲ್ಲೂ ನಿಂತಿರುವುದಿಲ್ಲ. ಗೆದ್ದವರನ್ನು ಅಭಿನಂದಿಸುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಗೆದ್ದವರಿಗೆ ಹಾಕುವ ಹಾರದಲ್ಲಿ ಒಂದು ಅರ್ಜಿಯೂ ಅಡಗಿರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಅರ್ಜಿಯಿಲ್ಲದ ಹಾರವನ್ನು ಹಾಕಬಹುದಾದದ್ದು ಅಧಿಕಾರದಿಂದ ಇಳಿದವರ ಕೊರಳಿಗೆ ಮಾತ್ರ. ಆ ಹಾರವನ್ನು ಹಾಕುವ ಅಭ್ಯಾಸ ನಮಗೆ ಇಲ್ಲವೆಂಬುದೇ ಈ ವಾರದ ನಮ್ಮ ಚಿಂತೆ.

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರವೊಂದರ ಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಹೋಗಿದ್ದೆವು. ವೇದಿಕೆಯ ಮೇಲೆ ಆ ಕ್ಷೇತ್ರದ ನೂತನ ಶಾಸಕರು ಮುಖ್ಯ ಅತಿಥಿಗಳಾಗಿ ಕುಳಿತಿದ್ದರು. ಸಭಿಕರ ಮೂರನೆಯ ಸಾಲಿನಲ್ಲಿ, ಮೊಮ್ಮಗಳ ನೃತ್ಯ ನೋಡಲು ಬಂದಿದ್ದ ಮಾಜಿ ಶಾಸಕರೊಬ್ಬರು ಪೋಷಕರ ನಡುವೆ ಕುಳಿತಿದ್ದರು. ಅವರು ನಮ್ಮ ಧರ್ಮದವರಲ್ಲ. ನಮ್ಮಲ್ಲಿ ಹೆಚ್ಚಿನವರು ಮತ ನೀಡಿದ ಪಕ್ಷದವರೂ ಅಲ್ಲ. ಆ ಶಾಲೆಯ ಎರಡು ಕೊಠಡಿಗಳಿಗೂ ಕೊಳವೆಬಾವಿಗೂ ಅನುದಾನ ದೊರಕಿಸಿಕೊಟ್ಟವರು ಅವರೇ ಎಂಬುದು ಊರಿಗೆಲ್ಲ ತಿಳಿದ ಸಂಗತಿ. ವರದಿ ವಾಚನದಲ್ಲಿ ಅವರ ಹೆಸರು ಬರಲಿಲ್ಲ. ಸ್ವಾಗತ ಭಾಷಣದಲ್ಲೂ, ಧನ್ಯವಾದ ಸಮರ್ಪಣೆಯಲ್ಲೂ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದ ಅವರೊಡನೆ ನಾವು ಸಂಕೋಚದಿಂದಲೇ ಮಾತಿಗಿಳಿದೆವು. ಅವರು ತಮ್ಮನ್ನು ಮರೆತ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. "ಬೇಸಿಗೆಯಲ್ಲಿ ಮಕ್ಕಳಿಗೆ ನೀರು ಸಾಕಾಗುತ್ತದೆಯೇ?" ಎಂದಷ್ಟೇ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತೆಂದು ಅಂದು ಅನಿಸಿತು, ಇಂದಿಗೂ ಅನಿಸುತ್ತಿದೆ.

ಜನಪ್ರತಿನಿಧಿಗಳು ಸದನದಿಂದ ನಿರ್ಗಮಿಸುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ನಮ್ಮ ರಾಜ್ಯದ ವಿಧಾನ ಪರಿಷತ್ತು ವಿಸರ್ಜನೆಯಿಲ್ಲದ ಶಾಶ್ವತ ಸದನ. ಅದರ 75 ಸದಸ್ಯರಲ್ಲಿ ಸುಮಾರು ಮೂರನೆಯ ಒಂದು ಭಾಗ ಎರಡು ವರ್ಷಗಳಿಗೊಮ್ಮೆ ನಿವೃತ್ತರಾಗುತ್ತಾರೆ. ನಿವೃತ್ತರಾಗುವವರ ದಿನಾಂಕ ಮುಂಚಿತವಾಗಿಯೇ ಗೊತ್ತಿರುವುದರಿಂದ, ಅವರನ್ನು ನಾಲ್ಕು ಒಳ್ಳೆಯ ಮಾತುಗಳೊಡನೆ ಬೀಳ್ಕೊಡುವ ಸಂಪ್ರದಾಯ ಅಲ್ಲಿ ಬೆಳೆದುಬಂದಿದೆ. ಆಡಳಿತ ಪಕ್ಷದವರು ವಿರೋಧ ಪಕ್ಷದವರನ್ನೂ, ವಿರೋಧ ಪಕ್ಷದವರು ಆಡಳಿತ ಪಕ್ಷದವರನ್ನೂ ಹೊಗಳುವ ಅಪರೂಪದ ದಿನ ಅದು. 224 ಸದಸ್ಯರ ವಿಧಾನಸಭೆಯಲ್ಲಿ ಸಂಗತಿ ಬೇರೆ. ತಾವೇ ನಿವೃತ್ತಿಯನ್ನು ಘೋಷಿಸಿದವರಿಗೆ ಮಾತ್ರ ವಿದಾಯ ಹೇಳುವ ಅವಕಾಶ ದೊರೆಯುತ್ತದೆ. 1983ರಲ್ಲಿ ಶಿಕಾರಿಪುರದಿಂದ ಮೊದಲ ಬಾರಿಗೆ ಸದನವನ್ನು ಪ್ರವೇಶಿಸಿದ ಶ್ರೀ ಬಿ. ಎಸ್. ಯಡಿಯೂರಪ್ಪನವರು 2023ರ ಫೆಬ್ರವರಿಯಲ್ಲಿ ವಿಧಾನಸಭೆಯಲ್ಲಿ ವಿದಾಯ ಭಾಷಣ ಮಾಡಿದಾಗ ಪಕ್ಷಭೇದವಿಲ್ಲದೆ ಎಲ್ಲರೂ ಆಲಿಸಿದರು.

ಸೋತವರಿಗಾದರೋ ಬೀಳ್ಕೊಡುಗೆಯೆಂಬುದೇ ಇಲ್ಲ. ಅವರ ನಿರ್ಗಮನವನ್ನು ಸಾರುವುದು ಸಭಾಧ್ಯಕ್ಷರಲ್ಲ, ಮತ ಎಣಿಕೆ ಕೇಂದ್ರದ ಧ್ವನಿವರ್ಧಕ. 2023ರ ಮೇ 13ರಂದು ಎಣಿಕೆ ನಡೆದಾಗ, ಸದನವನ್ನು ನಡೆಸಿದ ಸಭಾಧ್ಯಕ್ಷ ಶ್ರೀ ವಿಶ್ವೇಶ್ವರ ಹೆಗಡೆ ಕಾಗೇರಿಯವರೇ ಶಿರಸಿಯಲ್ಲಿ ಪರಾಭವಗೊಂಡರು. 2024ರಲ್ಲಿ ಅವರು ಉತ್ತರ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು. ಸೋತವರಿಗೆಲ್ಲ ಇನ್ನೊಂದು ಬಾಗಿಲು ಹೀಗೆ ತೆರೆದಿರುವುದಿಲ್ಲ. ಇಪ್ಪತ್ತು ವರ್ಷ ಕ್ಷೇತ್ರವನ್ನು ಸುತ್ತಿದವರು ಒಂದು ಮಧ್ಯಾಹ್ನದೊಳಗೆ 'ಮಾಜಿ' ಆಗಿ, ಸಂಜೆಗೆ ಯಾರೂ ಕೇಳದವರಾಗುತ್ತಾರೆ.

2021ರಲ್ಲಿ ನಮ್ಮ ವಿಧಾನಸಭೆ 'ಅತ್ಯುತ್ತಮ ಶಾಸಕ' ಪ್ರಶಸ್ತಿಯೊಂದನ್ನು ನೀಡಲಾರಂಭಿಸಿತು. ಸದನದೊಳಗಿನ ಸೇವೆಗೆ ಬೆಲೆ ಕೊಡುವ ಆ ಕ್ರಮ ಸ್ವಾಗತಾರ್ಹವೇ ಸರಿ. ಆದರೆ ಅದು ಸದನವು ತನ್ನ ಸದಸ್ಯರಿಗೆ ಸಲ್ಲಿಸುವ ಗೌರವ. ಕಳುಹಿಸಿಕೊಟ್ಟ ಜನರು ಸಲ್ಲಿಸಬೇಕಾದ ಗೌರವ ಇನ್ನೊಂದಿದೆ. ಅದನ್ನು ಪ್ರಶಸ್ತಿ ಸಮಿತಿಗಳು ನಮ್ಮ ಪರವಾಗಿ ಸಲ್ಲಿಸಲಾರವು.

ಗೌರವ ಯಾತಕ್ಕಾಗಿ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತದೆ. ಶಾಸಕರ ಕೆಲಸವೆಂದರೆ ರಸ್ತೆಗೆ ಡಾಮರು ಹಾಕಿಸುವುದು, ಸೇತುವೆಗೆ ಅಡಿಗಲ್ಲು ಇಡುವುದು, ವರ್ಗಾವಣೆಗೆ ಶಿಫಾರಸು ಪತ್ರ ಕೊಡುವುದು, ಮದುವೆ ಬೊಜ್ಜಗಳಿಗೆ ತಪ್ಪದೆ ಹಾಜರಾಗುವುದು ಎಂದು ನಾವು ನಂಬಿಬಿಟ್ಟಿದ್ದೇವೆ. ಅವರನ್ನು ನಾವು ಕಳುಹಿಸಿದ್ದು ಮೂಲತಃ ಶಾಸನ ಮಾಡುವುದಕ್ಕೆ. 'ಶಾಸಕ' ಎಂಬ ಮಾತೇ ಅದನ್ನು ಹೇಳುತ್ತದೆ. ಒಂದು ಮಸೂದೆಯ ಒಂದು ಉಪವಾಕ್ಯದ ಮೇಲೆ ರಾತ್ರಿಯವರೆಗೆ ವಾದಿಸಿದವರ ಹೆಸರು ಯಾವ ಅಡಿಗಲ್ಲಿನ ಮೇಲೂ ಕೆತ್ತಲ್ಪಡುವುದಿಲ್ಲ. ಆದರೆ ಆ ಒಂದು ಉಪವಾಕ್ಯ ಸಾವಿರಾರು ಕುಟುಂಬಗಳ ಹಣೆಬರಹವನ್ನು ಬದಲಿಸಬಲ್ಲುದು.

ಇದಕ್ಕೆ ದೃಷ್ಟಾಂತವನ್ನು ನಾವು ದೂರ ಹುಡುಕಬೇಕಾಗಿಲ್ಲ. ನಮ್ಮ ಮನೆಗಳ ಕಪಾಟುಗಳಲ್ಲೇ ಇದೆ. ಕರಾವಳಿಯ ಅನೇಕ ಕಥೊಲಿಕ ಕುಟುಂಬಗಳು ಒಂದು ಕಾಲಕ್ಕೆ ಗೇಣಿ ಒಕ್ಕಲುಗಳಾಗಿದ್ದವು. ಬೆಳೆ ಬಂದರೂ ಬಾರದಿದ್ದರೂ ಗೇಣಿಯ ಅಕ್ಕಿಯನ್ನು ಧಣಿಗಳ ಮನೆಗೆ ಮುಟ್ಟಿಸಿ, ಉಳಿದುದರಲ್ಲಿ ಗಂಜಿ ಕಾಣುತ್ತಿದ್ದ ಮನೆಗಳವು. 1961ರ ಭೂಸುಧಾರಣಾ ಕಾಯ್ದೆಗೆ ಶ್ರೀ ದೇವರಾಜ ಅರಸರ ಸರಕಾರದ ಕಾಲದಲ್ಲಿ ವಿಧಾನಮಂಡಲವು ಸಮಗ್ರ ತಿದ್ದುಪಡಿ ತಂದಿತು. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿ ಭೂಮಿ ಸರಕಾರದಲ್ಲಿ ನಿಹಿತವಾಗಿ, ಉಳುವವನು ಹೊಲದೊಡೆಯನಾಗುವ ದಾರಿ ತೆರೆಯಿತು. 'ಡಿಕ್ಲರೇಶನ್' ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಏಳನೆಯ ನಮೂನೆಯ ಅರ್ಜಿಯನ್ನು ಭೂನ್ಯಾಯಮಂಡಳಿಗೆ ಸಲ್ಲಿಸಿ ಭೂಮಿಯನ್ನು ಪಡೆದವರ ಮಕ್ಕಳು, ಮೊಮ್ಮಕ್ಕಳು ಈ ಅಂಕಣವನ್ನು ಓದುತ್ತಿದ್ದಾರೆ. ಆ ಕಾಯ್ದೆಯಲ್ಲಿ ಒಂದು ಸಣ್ಣ ವಿಧಿಯಿತ್ತು: ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ವಕೀಲರ ಶುಲ್ಕ ತೆರಲಾರದ ಒಕ್ಕಲು, ತೆರಬಲ್ಲ ಧಣಿಯ ಎದುರು ಸರಿಸಮನಾಗಿ ನಿಂತು ತನ್ನ ಮಾತಿನಲ್ಲೇ ಅಹವಾಲು ಹೇಳಿಕೊಳ್ಳಲು ಆ ವಿಧಿಯೇ ಕಾರಣವಾಯಿತು. ನಮ್ಮವರಲ್ಲಿ ಭೂಮಿ ಪಡೆದವರಂತೆ ಕಳೆದುಕೊಂಡವರೂ ಇದ್ದರು. ಅವರ ನೋವನ್ನು ನಾವು ಮರೆತಿಲ್ಲ. ಆದರೂ ಹೆಂಚಿನ ಮನೆ ಕಟ್ಟಿಸಿ, ಮಕ್ಕಳನ್ನು ಕಾಲೇಜಿಗೆ ಕಳುಹಿಸಿ, ಅವರಲ್ಲಿ ಕೆಲವರನ್ನು ಗುರುಮಠಕ್ಕೂ ಕನ್ಯಾಮಠಕ್ಕೂ ಒಪ್ಪಿಸಿದ ಎಷ್ಟೋ ಮನೆಗಳ ಏಳಿಗೆಯ ಮೊದಲ ಮೆಟ್ಟಿಲು ಆ ಭೂಮಿಯೇ.

ಆ ಕಾಯ್ದೆಗಾಗಿ ಶ್ರಮಿಸಿದವರ ಹೆಸರುಗಳು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1972ರಲ್ಲೂ 1978ರಲ್ಲೂ ವಿಧಾನಸಭೆಗೆ ಆಯ್ಕೆಯಾಗಿದ್ದ ಶ್ರೀ ಬಿ. ವಿ. ಕಕ್ಕಿಲ್ಲಾಯರು ಸ್ವತಃ ಜಮೀನ್ದಾರ ಮನೆತನದವರು. ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿ ಗೇಣಿದಾರರ ಪರವಾಗಿ, ಅಂದರೆ ತಮ್ಮ ವರ್ಗದ ಹಿತಕ್ಕೆ ವಿರುದ್ಧವಾಗಿ, ಅವರು ದುಡಿದರು. ಅವರ ಪಕ್ಷದ ಸಿದ್ಧಾಂತಕ್ಕೂ ನಮ್ಮ ವಿಶ್ವಾಸಕ್ಕೂ ಇದ್ದ ಅಂತರ ಎಲ್ಲರಿಗೂ ತಿಳಿದದ್ದೇ. ಆದರೆ ಋಣವು ಸಿದ್ಧಾಂತವನ್ನು ಕೇಳಿ ಹುಟ್ಟುವುದಿಲ್ಲ. ಶಾಸಕತ್ವ ಮುಗಿದ ಮೇಲೆ ಸುಮಾರು ಮೂರು ದಶಕಗಳ ಕಾಲ ಅವರು ನಮ್ಮ ನಡುವೆಯೇ ಓದುತ್ತ ಬರೆಯುತ್ತ ಬಾಳಿ, 2012ರಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಮೂರು ದಶಕಗಳಲ್ಲಿ ಡಿಕ್ಲರೇಶನ್ ಭೂಮಿಯ ನಮ್ಮ ಮನೆಗಳಿಂದ ಅವರಿಗೆ ಒಂದು ಕೃತಜ್ಞತೆಯ ಕಾಗದವನ್ನಾದರೂ ಬರೆದವರು ಎಷ್ಟು ಮಂದಿ? ಪ್ರತಿಯೊಬ್ಬರೂ ತಮ್ಮ ಮನೆಯ ಮಟ್ಟಿಗೆ ಉತ್ತರಿಸಿಕೊಳ್ಳಲಿ.

ಮಲೆನಾಡಿನ ಶ್ರೀ ಶಾಂತವೇರಿ ಗೋಪಾಲಗೌಡರ ಬಾಳು ಇನ್ನಷ್ಟು ಮನಮುಟ್ಟುವಂಥದು. 1951ರ ಕಾಗೋಡು ರೈತ ಸತ್ಯಾಗ್ರಹದ ಮುಂದಾಳುಗಳಲ್ಲೊಬ್ಬರಾಗಿದ್ದ ಅವರು 1952ರಲ್ಲಿ ಸಮಾಜವಾದಿ ಪಕ್ಷದಿಂದ ವಿಧಾನಸಭೆಗೆ ಆಯ್ಕೆಯಾದರು. 1957ರಲ್ಲಿ ಅದೇ ಜನರು ಅವರನ್ನು ಸೋಲಿಸಿದರು. 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಮತ್ತೆ ಗೆದ್ದು ಸದನದಲ್ಲಿ ಬಡವರ ದನಿಯಾದರು. 1972ರ ಜೂನ್ 9ರಂದು, ಐವತ್ತು ತುಂಬುವ ಮುನ್ನವೇ, ಅವರು ತೀರಿಕೊಂಡರು. ಯಾವುದಕ್ಕಾಗಿ ಹೋರಾಡಿದರೋ ಆ ಗೇಣಿ ಕಾಯ್ದೆಯ ತಿದ್ದುಪಡಿಯನ್ನು ಅವರು ಕಾಣಲಿಲ್ಲ. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದುದನ್ನೂ ಕಾಣಲಿಲ್ಲ. ಅದು 1973ರ ನವೆಂಬರ್ 1ರಂದು ಬಂದಿತು. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದ ವೃತ್ತವೊಂದಕ್ಕೆ ಅವರ ಹೆಸರಿದೆ. ಸಾವಿರಾರು ವಾಹನಗಳು ದಿನವೂ ಆ ವೃತ್ತವನ್ನು ಸುತ್ತಿ ಹೋಗುತ್ತವೆ. ಸತ್ತ ಮೇಲೆ ವೃತ್ತ, ರಸ್ತೆ, ಪ್ರತಿಮೆ, ಬದುಕಿರುವಾಗ ಮೌನ. ನಮ್ಮ ಕೃತಜ್ಞತೆಯ ರೀತಿ ಇಷ್ಟೇ ಆಗಬೇಕೆ?

ಇನ್ನೊಂದು ನಿರ್ಗಮನವನ್ನೂ ನಮ್ಮ ಓದುಗರು ನೆನಪಿಡತಕ್ಕದ್ದು. ಸಂವಿಧಾನದ 333ನೆಯ ವಿಧಿಯಂತೆ ನಮ್ಮ ವಿಧಾನಸಭೆಗೆ ಆಂಗ್ಲೋ-ಇಂಡಿಯನ್ ಸಮುದಾಯದ ಒಬ್ಬ ಸದಸ್ಯರನ್ನು ರಾಜ್ಯಪಾಲರು ನಾಮಕರಣ ಮಾಡುವ ಪದ್ಧತಿಯಿತ್ತು. ಸಂವಿಧಾನದ 104ನೆಯ ತಿದ್ದುಪಡಿಯಿಂದಾಗಿ 2020ರ ಜನವರಿಯಲ್ಲಿ ಆ ನಾಮಕರಣ ಕೊನೆಗೊಂಡಿತು. ಆಗ ಸದನದಲ್ಲಿದ್ದ ಸದಸ್ಯರು ಆ ಸಭೆ ವಿಸರ್ಜನೆಯಾಗುವವರೆಗೆ ಮುಂದುವರಿದರು. 2023ರಲ್ಲಿ ಅದೂ ಮುಗಿಯಿತು. ನಾಮಕರಣ ಬೇಕಾಗಿತ್ತೆ ಬೇಡವಾಗಿತ್ತೆ ಎಂಬ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಇಷ್ಟು ದಶಕಗಳ ಕಾಲ ಆ ಪೀಠದಲ್ಲಿ ಕುಳಿತು ಶಾಲೆಗಳ ಬಗ್ಗೆ, ಅಲ್ಪಸಂಖ್ಯಾತರ ಬಗ್ಗೆ ಮಾತನಾಡಿದವರಿಗೆ ನಾವು ಒಂದು ವಿದಾಯವನ್ನೂ ಹೇಳಲಿಲ್ಲವೆಂಬುದಷ್ಟೇ ನಮ್ಮ ವಿಷಾದ. ಸದಸ್ಯರೊಡನೆ ಪೀಠವೇ ಹೊರಟುಹೋದಾಗಲೂ ನಮಗೆ ಎಚ್ಚರವಾಗಲಿಲ್ಲ.

ನಮ್ಮ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ಮೊದಲನೆಯದು ಹೀಗೆ: "ಅವರೇನು ಪುಕ್ಕಟೆ ದುಡಿದರೇ? ಸಂಬಳವಿತ್ತು, ಭತ್ಯೆಯಿತ್ತು, ಈಗ ಪಿಂಚಣಿಯೂ ಇದೆ." ನಿಜ. 2025ರ ಮಾರ್ಚ್‌ನಲ್ಲಿ ಸದಸ್ಯರ ವೇತನ, ಪಿಂಚಣಿಗಳನ್ನು ಏರಿಸುವ ಮಸೂದೆಗಳು ಸದನದ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಅಂಗೀಕಾರವಾದುದನ್ನು ಕಂಡು ನಮಗೂ ಬೇಸರವಾಯಿತು. ಆದರೆ ಶಿಕ್ಷಕರಿಗೂ ಸಂಬಳವಿದೆ, ದಾದಿಯರಿಗೂ ಸಂಬಳವಿದೆ. ಅವರು ನಿವೃತ್ತರಾದಾಗ ನಾವು ಸಭೆ ಸೇರಿ ಕಣ್ಣೀರಿಡುವುದಿಲ್ಲವೆ? ಸಂಬಳವು ಕೆಲಸದ ಬೆಲೆಯನ್ನು ತೀರಿಸುತ್ತದೆ. ಒಳ್ಳೆಯ ಕೆಲಸದ ಋಣವನ್ನು ತೀರಿಸುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: "ಎಲ್ಲರೂ ಗೌರವಕ್ಕೆ ಅರ್ಹರೆ?" ಖಂಡಿತ ಅಲ್ಲ. 2019ರ ಜುಲೈಯಲ್ಲಿ ಅವಧಿಯ ನಡುವೆಯೇ ರಾಜೀನಾಮೆಗಳನ್ನಿತ್ತು, ಹೊರರಾಜ್ಯದ ಹೋಟೆಲಿನಲ್ಲಿ ಕುಳಿತು, ಸರಕಾರ ಉರುಳುವುದನ್ನು ಕಾದವರನ್ನು ನಾವು ಕಂಡಿದ್ದೇವೆ. ಆಗ 17 ಮಂದಿ ಶಾಸಕರು ಅನರ್ಹರೆಂದು ಸಭಾಧ್ಯಕ್ಷರು ತೀರ್ಪಿತ್ತರು. ಸದನವನ್ನು ಬಿಟ್ಟುಹೋಗುವುದೆಲ್ಲ ಸೇವೆಯ ಸಮಾಪ್ತಿಯಲ್ಲ. ಆದುದರಿಂದಲೇ ಗೌರವಿಸುವ ಮುನ್ನ ತೂಗಿ ನೋಡಬೇಕು. ತೂಗದೆ ಎಲ್ಲರಿಗೂ ಶಾಲು ಹೊದೆಸಿದರೆ ಶಾಲಿನ ಬೆಲೆಯೇ ಇಳಿಯುತ್ತದೆ. ಯಾರಿಗೂ ಹೊದೆಸದಿದ್ದರೆ ಒಳ್ಳೆಯವರಿಗೂ ಕೆಟ್ಟವರಿಗೂ ನಮ್ಮ ಕಣ್ಣಿನಲ್ಲಿ ವ್ಯತ್ಯಾಸವಿಲ್ಲವೆಂದಾಗುತ್ತದೆ. ಎರಡನೆಯ ಅನ್ಯಾಯವನ್ನೇ ನಾವು ಇಂದು ಮಾಡುತ್ತಿರುವುದು.

ಮೂರನೆಯದು, ಧರ್ಮಸಭೆಯ ಅಂಗಳದಲ್ಲಿ ರಾಜಕೀಯ ಬೇಡವೆಂಬ ಮಾತು. ಈ ಎಚ್ಚರಿಕೆಯನ್ನು ನಾವೂ ಒಪ್ಪುತ್ತೇವೆ. ಆದರೆ ಗೆದ್ದ ಅಭ್ಯರ್ಥಿಯನ್ನು ವೇದಿಕೆಗೆ ಕರೆಯುವಾಗ ಈ ಎಚ್ಚರಿಕೆ ಎಲ್ಲಿ ಹೋಗಿರುತ್ತದೆ? ವಾಸ್ತವದಲ್ಲಿ ರಾಜಕೀಯದ ವಾಸನೆ ಸುಳಿಯದ ಸನ್ಮಾನವೆಂದರೆ ನಿರ್ಗಮಿಸಿದವರ ಸನ್ಮಾನ; ಅವರ ಕೈಯಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ. ಸಾರ್ವಜನಿಕ ಹೊಣೆಯನ್ನು ಹೊತ್ತು ಜನಹಿತಕ್ಕಾಗಿ ದುಡಿಯುವವರ ಕಾರ್ಯವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿಯೇ ಪ್ರಶಂಸಿಸಿದೆ. ಆ ಪ್ರಶಂಸೆ ಕಥೊಲಿಕ ರಾಜಕಾರಣಿಗಳಿಗೆ ಮಾತ್ರ ಮೀಸಲಾದುದಲ್ಲ.

ಅಧಿಕಾರವನ್ನು ಬಿಟ್ಟುಕೊಟ್ಟವರಲ್ಲಿ ಸಂತ ಥಾಮಸ್ ಮೋರರನ್ನು ನೆನೆಯದೆ ಮುಂದೆ ಸಾಗಲಾಗದು. ಇಂಗ್ಲೆಂಡಿನ ಸಂಸತ್ತಿನ ಸದಸ್ಯರಾಗಿದ್ದ ಅವರು 1523ರಲ್ಲಿ ಕಾಮನ್ಸ್ ಸಭೆಯ ಸಭಾಧ್ಯಕ್ಷರಾದರು. ಸದಸ್ಯರು ನಿರ್ಭಯವಾಗಿ ಮಾತನಾಡಲು ಅವಕಾಶ ನೀಡಬೇಕೆಂದು ಅರಸನಲ್ಲಿ ಬಿನ್ನವಿಸಿಕೊಂಡರು. 1529ರಲ್ಲಿ ರಾಜ್ಯದ ಮಹಾಮಂತ್ರಿಯ ಪದವಿಗೇರಿ, ಅರಸನ ನಡೆಗೆ ಮನಸ್ಸಾಕ್ಷಿ ಒಪ್ಪದಾಗ 1532ರಲ್ಲಿ ಆ ಪದವಿಯನ್ನು ತೊರೆದರು. ಆದಾಯ ನಿಂತುಹೋದಾಗ ಮನೆಯವರನ್ನೆಲ್ಲ ಕೂಡಿಸಿ, ಇನ್ನು ಮುಂದೆ ಸರಳವಾಗಿ ಬಾಳಬೇಕಾಗುವುದೆಂದು ನಗುನಗುತ್ತಲೇ ತಿಳಿಸಿದರಂತೆ. 1535ರಲ್ಲಿ ಅವರ ಶಿರಚ್ಛೇದವಾಯಿತು. ಸಂತ ಪದವಿ ದೊರೆತದ್ದು ನಾಲ್ಕು ನೂರು ವರ್ಷಗಳ ಬಳಿಕ, 1935ರಲ್ಲಿ. ರಾಜಕಾರಣಿಗಳ ಪಾಲಕ ಸಂತರೆಂದು ಎರಡನೆಯ ಜಾನ್ ಪಾವ್ಲರು ಅವರನ್ನು ಸಾರಿದ್ದು 2000ದ ಅಕ್ಟೋಬರಿನಲ್ಲಿ. ನಮ್ಮ ಶಾಸಕರೆಲ್ಲ ಥಾಮಸ್ ಮೋರರಾಗಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ಆದರೆ ಪದವಿಯನ್ನು ಏರಿದ ಬಗೆಗಿಂತ ಇಳಿದ ಬಗೆಯಿಂದ ಮನುಷ್ಯನ ಯೋಗ್ಯತೆ ತಿಳಿಯುತ್ತದೆ ಎಂಬುದನ್ನು ಅವರ ಬಾಳಿನಿಂದ ಕಲಿಯಬಹುದು.

ಹಾಗಾದರೆ ನಾವು ಮಾಡಬೇಕಾದುದೇನು? ಬೆಳ್ಳಿಯ ಕಿರೀಟವಾಗಲಿ ತೆರೆದ ವಾಹನದ ಮೆರವಣಿಗೆಯಾಗಲಿ ಬೇಡ. ತಮ್ಮ ಕ್ಷೇತ್ರದ ಶಾಸಕರು ನಿವೃತ್ತರಾದ ಅಥವಾ ಸೋತ ಮೂರು ತಿಂಗಳೊಳಗೆ ಆ ಕ್ಷೇತ್ರದ ಧರ್ಮಕೇಂದ್ರಗಳು ಒಟ್ಟಾಗಿ ಒಂದು ಸಂಜೆಯ ಸಭೆ ಕರೆಯಲಿ. ಪಕ್ಷ, ಜಾತಿ, ಧರ್ಮಗಳನ್ನು ನೋಡದಿರಲಿ. ನಾವು ಮತ ಕೊಡದವರಾದರೂ ಸರಿಯೇ. ಸಭೆಗೆ ಮುನ್ನ ನಮ್ಮ ಕಾಲೇಜು ವಿದ್ಯಾರ್ಥಿಗಳು ಸದನದ ನಡವಳಿಗಳನ್ನು ತಿರುವಿ ಹಾಕಲಿ: ಇವರು ಎಷ್ಟು ಪ್ರಶ್ನೆ ಕೇಳಿದರು, ಯಾವ ಸಮಿತಿಯಲ್ಲಿ ದುಡಿದರು, ಯಾವ ಮಸೂದೆಯ ಮೇಲೆ ಏನು ಹೇಳಿದರು. ಆ ವಿವರಗಳಿಂದಲೇ ಬಿನ್ನವತ್ತಳೆ ಸಿದ್ಧವಾಗಲಿ. 'ಅಜಾತಶತ್ರು', 'ಕೊಡುಗೈ ದಾನಿ' ಎಂಬ ಸವಕಲು ಬಿರುದುಗಳ ಬದಲು ಮಾಡಿದ ನಾಲ್ಕು ಕೆಲಸಗಳ ನಿಖರವಾದ ಲೆಕ್ಕ ಅದರಲ್ಲಿರಲಿ. ಹೇಳಲು ಏನೂ ಸಿಗದಿದ್ದರೆ ಸಭೆ ಕರೆಯುವುದೇ ಬೇಡ. ಅದೂ ಒಂದು ತೀರ್ಪೇ. ಸಿಕ್ಕಿದರೆ, ಅದನ್ನು ಓದಿದ ಬಳಿಕ ಅವರು ಮಾತನಾಡಲಿ, ಯುವಕರು ಪ್ರಶ್ನೆ ಕೇಳಲಿ. ಸದನದಲ್ಲಿ ಗಳಿಸಿದ ಅನುಭವ ಅವರೊಡನೆ ಮನೆ ಸೇರಿ ಮಣ್ಣಾಗುವುದು ಸಮಾಜಕ್ಕೆ ನಷ್ಟ. ಮನೆಮಂದಿಯನ್ನೂ ಕರೆಯಲು ಮರೆಯಬಾರದು. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದವರಿಗೆ ಬಾಗಿಲು ತೆರೆದು, ಹೊತ್ತಲ್ಲದ ಹೊತ್ತಿನಲ್ಲಿ ಹತ್ತು ಮಂದಿಗೆ ಊಟ ಬಡಿಸಿದವರು ಅವರೇ ಅಲ್ಲವೆ?

ಇದರಲ್ಲಿ ನಮ್ಮ ಮಕ್ಕಳ ಭವಿಷ್ಯವೂ ಅಡಗಿದೆ. ನಮ್ಮ ಸಮುದಾಯದ ಬುದ್ಧಿವಂತ ಯುವಕ ಯುವತಿಯರು ಕೊಲ್ಲಿ ರಾಷ್ಟ್ರಗಳಿಗೂ ಕೆನಡಾಕ್ಕೂ ಹೊರಡುತ್ತಾರೆ. ಸಾರ್ವಜನಿಕ ಜೀವನದ ಕಡೆ ಮುಖ ಮಾಡುವವರು ವಿರಳ. ನಮ್ಮವರಿಗೆ ಟಿಕೆಟ್ ಸಿಗುವುದಿಲ್ಲವೆಂದು ಪ್ರತಿ ಚುನಾವಣೆಯಲ್ಲೂ ನಾವು ಗೊಣಗುತ್ತೇವೆ. ಆದರೆ ಹದಿನೈದು ವರ್ಷ ದುಡಿದವರು ಒಂದೇ ಸೋಲಿನಿಂದ ಊರಿಗೆ ಬೇಡವಾದುದನ್ನು ಕಂಡ ಮಕ್ಕಳು ಆ ದಾರಿಯನ್ನು ಯಾಕೆ ಹಿಡಿದಾರು? ಸೇವೆಗೆ ಗೌರವವಿಲ್ಲದ ಕಡೆ ಲಾಭವನ್ನು ಹುಡುಕುವವರು ಮಾತ್ರ ಬರುತ್ತಾರೆ. ಆಮೇಲೆ ರಾಜಕೀಯ ಕೆಟ್ಟಿತೆಂದು ದೂರುವ ಹಕ್ಕು ನಮಗೆಲ್ಲಿದೆ?

ವಾರ್ಷಿಕೋತ್ಸವಗಳ ಋತು ಪ್ರತಿವರ್ಷವೂ ಬರುತ್ತದೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ, ಮೂರನೆಯ ಸಾಲಿನಲ್ಲಿ ಯಾರು ಕುಳಿತಿರುವರೆಂದು ನಮ್ಮ ಗುರ್ಕಾರರೂ ಪಾಲನಾ ಮಂಡಳಿಯವರೂ ಒಮ್ಮೆ ಯೋಚಿಸಲಿ. ವರದಿಯಲ್ಲಿ ಅವರ ಹೆಸರಿಗೆ ಒಂದು ಸಾಲು ಇರಲಿ. ಮಕ್ಕಳಿಗೆ ಬೇಸಿಗೆಯಲ್ಲಿ ನೀರು ಸಾಕಾಗುತ್ತಿದ್ದರೆ, ಅದನ್ನೂ ಅವರಿಗೆ ಹೋಗಿ ತಿಳಿಸೋಣ.